ಅವನಿಗೆ ಬ್ಲಾಕ್ ಕೊಟ್ಟೋರು ಯಾರು?

ನಮ್ಮ ಅಪ್ಪ ಸಿನಿಮಾ ನೋಡುವವರಲ್ಲ. ಟಿವಿಯಲ್ಲಿ ಏನಾದರೂ ಓಡುತ್ತಿದ್ದರೆ ಐದು ನಿಮಿಷ ಕೂತು, ಮೊಣಕಾಲು ಒತ್ತಿಕೊಂಡು ಎದ್ದು ಬಾಲ್ಕನಿಗೆ ಹೋಗುತ್ತಾರೆ. ಅಂಥವರು ಹೋದ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಚೆನ್ನೈನ ನಮ್ಮ ಫ್ಲಾಟಿನಲ್ಲಿ, ಟಿವಿಗೆ ಒಂದು ಮಾರು ದೂರದಲ್ಲಿ ನಿಂತು ಗದರುತ್ತಿದ್ದರು. "ಟ್ರಾಲಿನ ಹಳಿ ಮೇಲೆ ಹಂಗೇ ಬಿಟ್ಟು ಹೋದವನು ಯಾವನು? ಬೀಗ ಎಲ್ಲಿ? ಈ ಮುದುಕ ಹತ್ತಿ ಕೂತ್ಕಂಡ್ನಲ್ಲ, ಅವನಿಗೆ ಬ್ಲಾಕ್ ಕೊಟ್ಟೋರು ಯಾರು?"

ಪಕ್ಕದಲ್ಲಿ ಕೂತಿದ್ದ ನನ್ನ ಏಳು ವರ್ಷದ ಮಗಳಿಗೆ ಬ್ಲಾಕ್ ಅಂದರೆ ಫೋನಿನಲ್ಲಿ ಮಾಡುವ ಬ್ಲಾಕ್ ಮಾತ್ರ ಗೊತ್ತು. ಅಪ್ಪನ ಬ್ಲಾಕ್ ಬೇರೆ. ಒಂದು ಸ್ಟೇಷನ್ನಿನಿಂದ ಇನ್ನೊಂದು ಸ್ಟೇಷನ್ನಿನವರೆಗಿನ ಹಳಿಯನ್ನು ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ನಿನಗೇ ಬಿಟ್ಟಿದ್ದೇವೆ, ಯಾವ ಗಾಡಿಯನ್ನೂ ಕಳಿಸುವುದಿಲ್ಲ ಎಂದು ಅಧಿಕಾರದಲ್ಲಿರುವವರು ಕೊಡುವ ಮಾತು ಅದು. ಆ ಮಾತಿಲ್ಲದೆ ಹಳಿ ಬಿಚ್ಚುವ ಹಾಗಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗ್ಯಾಂಗಿನಲ್ಲಿ ದುಡಿದ ಮನುಷ್ಯನಿಗೆ ಆ ಸಿನಿಮಾ ಹಾಸ್ಯದ ಹಾಗೆ ಕಾಣಲೇ ಇಲ್ಲ, ಕನಿಷ್ಠ ಮೊದಲ ಹತ್ತು ನಿಮಿಷ.

ಸಿನಿಮಾದ ಹೆಸರು 'ದಿ ರೈಲ್‌ರಾಡರ್'. 1965ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ತಯಾರಿಸಿದ್ದು. ಸುಮಾರು 25 ನಿಮಿಷದ ಬಣ್ಣದ ಚಿತ್ರ, ಒಂದು ಮಾತೂ ಇಲ್ಲ. ಅದರಲ್ಲಿರುವುದು ಒಬ್ಬನೇ ಒಬ್ಬ ಮನುಷ್ಯ ಎನ್ನಬಹುದು, ಬಸ್ಟರ್ ಕೀಟನ್. ಮೂಕಿ ಚಿತ್ರಗಳ ಕಾಲದಲ್ಲಿ ಚಾಪ್ಲಿನ್‌ಗೆ ಸರಿಸಾಟಿಯಾಗಿದ್ದವರು. ಎಷ್ಟೇ ಬಿದ್ದರೂ ಎದ್ದರೂ ಮುಖದ ಒಂದು ಗೆರೆ ಅಲುಗಿಸದೆ ಜನರನ್ನು ನಗಿಸುತ್ತಿದ್ದವರು. ಮಾತಿನ ಚಿತ್ರಗಳು ಬಂದು ಮೂವತ್ತೈದು ವರ್ಷ ಕಳೆದ ಮೇಲೆ, ಮುದುಕರಾಗಿ, ಮತ್ತೆ ಮಾತಿಲ್ಲದೆ ನಟಿಸಿದ ಚಿತ್ರ ಇದು.

ಕಥೆ ಎನ್ನುವಂಥದ್ದು ದೊಡ್ಡದೇನಿಲ್ಲ. ಲಂಡನ್ನಿನಲ್ಲಿ ಒಬ್ಬ ಮನುಷ್ಯ ಪತ್ರಿಕೆಯಲ್ಲಿ ಕೆನಡಾ ನೋಡಿ ಬನ್ನಿ ಎಂಬ ಪುಟದಗಲದ ಜಾಹೀರಾತು ನೋಡುತ್ತಾನೆ. ನೋಡಿದವನೇ ಸೇತುವೆ ಮೇಲಿಂದ ಥೇಮ್ಸ್ ನದಿಗೆ ಹಾರುತ್ತಾನೆ. ಮುಂದಿನ ದೃಶ್ಯದಲ್ಲಿ ಅಟ್ಲಾಂಟಿಕ್ ಸಾಗರದಿಂದ ಕೆನಡಾದ ಪೂರ್ವ ದಡಕ್ಕೆ ಎದ್ದು ಬರುತ್ತಾನೆ. ಅಲ್ಲೊಂದು ಫಲಕ: ಪೆಸಿಫಿಕ್ ಸಾಗರ 3982½ ಮೈಲಿ. ಆ ಅರ್ಧ ಮೈಲಿಯನ್ನು ಸೇರಿಸಿದವನಿಗೆ ನನ್ನ ನಮಸ್ಕಾರ. ಮನುಷ್ಯ ನಡೆಯತೊಡಗುತ್ತಾನೆ. ಹಳಿಯ ಮೇಲೆ ನಿಂತಿದ್ದ, ರಿಪೇರಿ ಕೆಲಸದವರ ಒಂದು ಪುಟ್ಟ ಮೋಟಾರ್ ಟ್ರಾಲಿ ಕಣ್ಣಿಗೆ ಬೀಳುತ್ತದೆ. ಸ್ವಲ್ಪ ಕಣ್ಣು ಮುಚ್ಚೋಣ ಎಂದು ಕೂರುತ್ತಾನೆ, ಕೈ ತಾಗಿ ಅದು ಹೊರಟೇ ಬಿಡುತ್ತದೆ. ಮುಂದೆ ಇಡೀ ಕೆನಡಾ. ಕಾಡು, ಸರೋವರ, ಬಯಲು, ಊರು, ರಾಕಿ ಪರ್ವತ. ಟ್ರಾಲಿಯಲ್ಲೊಂದು ಪೆಟ್ಟಿಗೆ ಇದೆ. ಅದರಿಂದ ದಿಂಬು ಬರುತ್ತದೆ, ಕಾಡುಕೋಣದ ಚರ್ಮದ ಕೋಟು ಬರುತ್ತದೆ, ಕಪ್ಪು ಬಸಿಗಳ ಪೂರಾ ಟೀ ಸೆಟ್ಟೇ ಬರುತ್ತದೆ. ಒಂದು ಕಡೆ ಬಾತುಕೋಳಿ ಬೇಟೆಗೆಂದು ಟ್ರಾಲಿಗೆ ಸುತ್ತ ಸೊಪ್ಪು ಕಟ್ಟಿಕೊಳ್ಳುತ್ತಾನೆ. ಒಂದು ಪೊದೆ ಹಳಿಯ ಮೇಲೆ ಓಡಿ ಹೋದಂತೆ ಕಾಣುತ್ತದೆ.

ಆ ಪೊದೆ ಬಂದಾಗ ಮಗಳು ನೆಲಕ್ಕೆ ಬಿದ್ದು ನಕ್ಕಳು. ಅಪ್ಪ ಅವಳ ಕಡೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಆಲೂರಿನ ಹತ್ತಿರದ ನಮ್ಮ ಊರಿನಲ್ಲಿ ಒಬ್ಬರೇ ಇದ್ದರು. ಹಿಂದಿನ ಸೆಪ್ಟೆಂಬರಿನಲ್ಲಿ ತಲೆ ಸುತ್ತಿ ಅಂಗಳದಲ್ಲಿ ಬಿದ್ದರು. ಪೆಟ್ಟೇನೂ ಆಗಿರಲಿಲ್ಲ, ಬಿಪಿ ಮಾತ್ರೆ ಬದಲಾಯಿತು, ಅಷ್ಟೇ. ಆದರೆ ನಾನು ಕಾರು ಮಾಡಿಕೊಂಡು ಹೋಗಿ ಕರೆತಂದೆ. ಹೊರಗೆ ಕೆಲಸ ಮಾಡುವ ನಮ್ಮಂಥ ಎಷ್ಟೋ ಮಂದಿ ಮಾಡಿದ್ದನ್ನೇ ಮಾಡಿದೆ. ಚೆನ್ನೈನಲ್ಲಿ ಅಪ್ಪನಿಗೆ ಎಂಟು ತಿಂಗಳಾದರೂ ಮಾತಿಗೆ ಜನ ಸಿಗಲಿಲ್ಲ. ವಾಚ್‌ಮನ್ ಜೊತೆ ಕೈಸನ್ನೆ. ಕೆಳಗೆ ಪಾರ್ಕಿನಲ್ಲಿ ಕೂರುವ ಹಿರಿಯರೆಲ್ಲ ತಮಿಳಿನವರು, ಒಳ್ಳೆಯವರೇ, ದಿನಾ 'ಸಾಪ್ಟೀಂಗ್ಳಾ' ಎಂದು ಕೇಳುತ್ತಾರೆ. ಅಪ್ಪ ತಲೆ ಆಡಿಸುತ್ತಾರೆ, ಊಟ ಆಗಿರಲಿ ಬಿಡಲಿ. ನನ್ನ ಮಗಳ ಕನ್ನಡ ನಮ್ಮ ಮನೆಯ ಒಳಬಾಗಿಲು ದಾಟಿ ಹೊರಗೆ ಹೋಗಿದ್ದಿಲ್ಲ. ತಾತನ ಹಾಸನದ ಮಾತು ಅವಳಿಗೆ ಅರ್ಧ ಅರ್ಥವಾಗುವುದಿಲ್ಲ. ಇನ್ನು ನಾನು. ಬೆಳಿಗ್ಗೆ ಹೆಡ್‌ಫೋನ್ ಹಾಕಿದರೆ ತೆಗೆಯುವುದು ರಾತ್ರಿ. ಅಮೆರಿಕದವರ ಜೊತೆಗಿನ ಕಾಲ್ ಮುಗಿಯುವ ಹೊತ್ತಿಗೆ ಅವರು ಮಲಗಿರುತ್ತಾರೆ.

ಹಾಗಾಗಿ ಮಾತಿಲ್ಲದ ಸಿನಿಮಾ ಒಂದು ನಮ್ಮ ಮನೆಯ ಮೂರು ತಲೆಮಾರನ್ನು ಒಂದೇ ಸೋಫಾದ ಸುತ್ತ ಕೂರಿಸಿತು ಎಂಬುದು ನನಗೆ ದೊಡ್ಡ ವಿಷಯವೇ. ಇದಕ್ಕೆ ಮುಂಚೆ ನಾವು ಹಾಗೆ ಒಟ್ಟಿಗೆ ನೋಡಿದ್ದು 'ಪುಷ್ಪಕ ವಿಮಾನ' ಒಂದನ್ನೇ. ನಮ್ಮ ಬೆಂಗಳೂರಿನಲ್ಲೇ ತೆಗೆದ, ಶೃಂಗಾರ್ ನಾಗರಾಜ್ ನಿರ್ಮಾಪಕರಾಗಿದ್ದ 1987ರ ಚಿತ್ರ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು ಅದನ್ನೂ ಒಮ್ಮೆ ಹಾಕಿ ನೋಡಿ. ಅರ್ಥವಾಗಲಿಲ್ಲ ಎಂದು ಯಾರೂ ಎದ್ದು ಹೋಗುವುದಿಲ್ಲ.

'ರೈಲ್‌ರಾಡರ್' ಅನ್ನು ಅಪ್ಪ ಮೂರು ಸಲ ನೋಡಿದರು. ಎರಡನೇ ಸಲ ಮಾತು ಶುರುವಾಯಿತು. ಮಗಳು ಕೇಳಿದ್ದು ಒಂದೇ ಪ್ರಶ್ನೆ, ತಾತ ನೀನೂ ಇಂಥದ್ದರಲ್ಲಿ ಹೋಗಿದ್ದೀಯಾ?

ಹೋಗಿದ್ದರು. ಆದರೆ ಕೂತಲ್ಲ, ಓಡಿ. ನನಗೂ ಗೊತ್ತಿರದ ವಿಷಯ ಇದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿಯ ಲೈನು ಶುರುವಾದದ್ದು 1979ರಲ್ಲಿ, ಆಗ ಮೀಟರ್ ಗೇಜ್. ಅಪ್ಪ ಕೆಲಸಕ್ಕೆ ಸೇರಿದ್ದು ಆಗಲೇ. ಸುಮಾರು 55 ಕಿಲೋಮೀಟರಿನಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದು. ಅಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಹಳಿ ನೋಡಲು ಬರುವುದು ತಳ್ಳುವ ಟ್ರಾಲಿಯಲ್ಲಿ. ನಾಲ್ಕು ಗಾಲಿ, ಮೇಲೊಂದು ಬೆಂಚು, ಬಿಸಿಲಿಗೊಂದು ಛತ್ರಿ, ಕೆಂಪು ಬಾವುಟ. ನಾಲ್ವರು ಟ್ರಾಲಿಮನ್‌ಗಳಲ್ಲಿ ಇಬ್ಬರು ಹಿಂದಿನಿಂದ ತಳ್ಳಬೇಕು. ತಳ್ಳುವುದೆಂದರೆ ಜಲ್ಲಿ ಮೇಲೆ ನಡೆಯುತ್ತ ಅಲ್ಲ, ಎರಡು ಹಳಿಯ ಮೇಲೆ ಬರಿಗಾಲಲ್ಲಿ ಒಬ್ಬೊಬ್ಬರು ಓಡುತ್ತ. ಇಳಿಜಾರು ಬಂದಾಗ ಹಾರಿ ಕೂರುವುದು, ಬ್ರೇಕ್ ಹಿಡಿಯುವುದು. ಗಾಡಿ ಬರುವ ಸೂಚನೆ ಸಿಕ್ಕರೆ ಸಾಹೇಬರನ್ನು ಇಳಿಸಿ, ಟ್ರಾಲಿಯನ್ನೇ ಎತ್ತಿ ಪಕ್ಕಕ್ಕಿಡುವುದು.

"ಏಪ್ರಿಲ್‌ನಲ್ಲಿ ಹಳಿ ಹೆಂಚು ಕಾದಂಗೆ ಕಾಯದು ಕಣಮ್ಮ," ಎಂದು ಮಗಳಿಗೆ ಹೇಳಿ, ಸೋಫಾದ ಅಂಚಿನ ಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ತೋರಿಸಲು ಹೊರಟರು. ನಾನು ಓಡಿಹೋಗಿ ಹಿಡಿದೆ. ಅವರಿಗೆ ಆಗ 71.

ಮಗಳು ಆಮೇಲೆ ಕೀಟನ್‌ರ ಹಳೆಯ ಚಿತ್ರಗಳನ್ನೂ ಹುಡುಕಿಸಿದಳು. ಆ ಮನುಷ್ಯನಿಗೆ ರೈಲಿನ ಹುಚ್ಚು ಮೊದಲಿನಿಂದಲೂ ಇತ್ತು. 1926ರ 'ದಿ ಜನರಲ್' ಇಡೀ ಚಿತ್ರವೇ ಎರಡು ಎಂಜಿನ್‌ಗಳ ಓಟ. ಅದರಲ್ಲಿ ಮನಸ್ಸು ಕೆಟ್ಟ ನಾಯಕ ಎಂಜಿನ್ನಿನ ಗಾಲಿಗಳನ್ನು ಕೂಡಿಸುವ ಕಬ್ಬಿಣದ ತೋಳಿನ ಮೇಲೆ ಕೂತಿರುತ್ತಾನೆ, ಎಂಜಿನ್ ಹೊರಟು ಅವನನ್ನು ಮೇಲೆ ಕೆಳಗೆ ಒಯ್ಯುತ್ತದೆ, ಅವನಿಗೆ ಅರಿವೇ ಇಲ್ಲ. ಗಾಲಿ ಒಮ್ಮೆ ಜಾರಿ ರಭಸವಾಗಿ ತಿರುಗಿದ್ದರೆ ಮುಗಿಯಿತು. ಕೊನೆಯಲ್ಲಿ ಉರಿಯುವ ಸೇತುವೆಯಿಂದ ನಿಜವಾದ ಎಂಜಿನ್ನನ್ನೇ ನದಿಗೆ ಬೀಳಿಸಿದ್ದಾರೆ. ಅಪ್ಪನಿಗೆ ಇದು ಹಿಡಿಸಲಿಲ್ಲ. ಅಷ್ಟು ಒಳ್ಳೆ ಎಂಜಿನ್ ಎಂದು ಒಂದು ದಿನ ಪೂರ್ತಿ ಗೊಣಗಿದರು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕದ್ದು 1923ರ 'ಅವರ್ ಹಾಸ್ಪಿಟಾಲಿಟಿ' ನೋಡಿ. ಹಳಿಗೆ ತೀರ ಹತ್ತಿರ ಒಂದು ಕತ್ತೆ ನಿಂತಿರುತ್ತದೆ, ಏನು ಮಾಡಿದರೂ ಕದಲುವುದಿಲ್ಲ. ರೈಲಿನವರು ಇಳಿದು ಬಂದು ಕತ್ತೆಯನ್ನು ಬಿಟ್ಟು ಹಳಿಯನ್ನೇ ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತಾರೆ. ಹಾರೆ ಹಾಕಿ, ಎಂಟು ಹತ್ತು ಜನ ಒಟ್ಟಿಗೆ ಕೂಗು ಹಾಕುತ್ತ, ಒಂದು ಬೆರಳಿನಷ್ಟು ಹಳಿ ಸರಿಸುವುದಕ್ಕೆ ಬೆವರು ಸುರಿಸಿದವರಿಗೆ ಮಾತ್ರ ಆ ನಗು ಅಷ್ಟು ಆಳದಿಂದ ಬರುತ್ತದೇನೋ.

ಜೂನ್ ಮೊದಲ ವಾರ, ಊಟ ಮಾಡುತ್ತಿದ್ದಾಗ ಅಪ್ಪ ಹೇಳಿದರು: "ನಾನು ಊರಿಗೆ ಹೋಗಿ ಬರ್ತೀನಿ. ಮಳೆ ಹಿಡ್ಕಳಕೆ ಮುಂಚೆ ಹೆಂಚು ನೋಡ್ಬೇಕು. ಪಾಸೂ ಸುಮ್ನೆ ಹೋಗ್ತದೆ."

ರೈಲ್ವೆಯಿಂದ ನಿವೃತ್ತರಾದವರಿಗೆ ಪ್ರಯಾಣದ ಪಾಸ್ ಕೊಡುತ್ತಾರೆ. ಅಪ್ಪನ ಮಟ್ಟಿಗೆ ಪಾಸನ್ನು ಬಳಸದೆ ಬಿಡುವುದು ಎಂದರೆ ಅನ್ನ ಚೆಲ್ಲಿದ ಹಾಗೆ.

ಒಬ್ಬರೇ ಹೋಗುವುದು ಬೇಡ ಎಂದೆ. ನಾನು ಆಗಸ್ಟ್ 15ರ ರಜೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅಷ್ಟು ಹೊತ್ತಿಗೆ ಮಳೆ ಎಲ್ಲ ಒಳಗೇ ಬಂದಿರುತ್ತದೆ ಎಂದರು. ಊರಿನಲ್ಲಿ ಯಾರಿಗಾದರೂ ದುಡ್ಡು ಕಳಿಸಿ ಹೆಂಚು ಹಾಕಿಸುತ್ತೇನೆ ಎಂದೆ. ಅದಕ್ಕೆ ಉತ್ತರವೇ ಇಲ್ಲ. ಚೆನ್ನೈನಿಂದ ನಮ್ಮ ಕಡೆಗೆ ಹೋಗಲು ಬೆಂಗಳೂರಿನಲ್ಲಿ ಇಳಿದು ಗಾಡಿ ಬದಲಿಸಬೇಕು. ಅಲ್ಲಿಯ ಮೆಟ್ಟಿಲು, ಜನಸಂದಣಿ, ಫೋನಿನ ಚಾರ್ಜು, ಮಧ್ಯದಲ್ಲಿ ತಲೆ ಸುತ್ತಿದರೆ? ನನ್ನ ಕೆಲಸ ಏನೆಂದರೆ, ಒಂದು ಸಾಫ್ಟ್‌ವೇರ್ ಎಲ್ಲೆಲ್ಲಿ ಕೆಡಬಹುದು ಎಂದು ಮೊದಲೇ ಯೋಚಿಸಿ ಪಟ್ಟಿ ಮಾಡುವುದು. ಎಂ.ಟೆಕ್‌ನಲ್ಲಿ ಕಲಿತದ್ದೂ ಅದೇ, ಹನ್ನೊಂದು ವರ್ಷದಿಂದ ಸಂಬಳ ಬರುತ್ತಿರುವುದೂ ಅದಕ್ಕೇ. ಅಪ್ಪನ ಪ್ರಯಾಣಕ್ಕೆ ನಾನು ಮಾಡಿದ ಪಟ್ಟಿಯಲ್ಲಿ ಹದಿನಾಲ್ಕು ಅಂಶಗಳಿದ್ದವು. ಒಂದೊಂದನ್ನೂ ಓದಿ ಹೇಳಿದೆ. ಅಪ್ಪ ಮಜ್ಜಿಗೆ ಕುಡಿದು ಎದ್ದು ಹೋದರು. ಆಮೇಲೆ ನಾಲ್ಕು ದಿನ ನಮ್ಮ ಮನೆಯೂ ಮೂಕಿ ಚಿತ್ರವೇ.

ಆ ವಾರ ಒಂದು ರಾತ್ರಿ, ಕಾಲ್ ಮುಗಿದ ಮೇಲೆ ನಿದ್ದೆ ಬರದೆ ನಾನು ಇನ್ನೊಂದು ಚಿತ್ರ ನೋಡಿದೆ. 'ಬಸ್ಟರ್ ಕೀಟನ್ ರೈಡ್ಸ್ ಅಗೇನ್'. 'ರೈಲ್‌ರಾಡರ್' ಚಿತ್ರೀಕರಣ ನಡೆಯುತ್ತಿದ್ದಾಗಲೇ ಜಾನ್ ಸ್ಪಾಟನ್ ಎಂಬುವರು ತೆಗೆದ ಸಾಕ್ಷ್ಯಚಿತ್ರ, ಸುಮಾರು ಒಂದು ಗಂಟೆ. ಹಾಸ್ಯದ ಚಿತ್ರ ಬಣ್ಣದಲ್ಲಿದ್ದರೆ ಇದು ಕಪ್ಪು ಬಿಳುಪು. ಇದರಲ್ಲಿ ಕೀಟನ್ ಮಾತನಾಡುತ್ತಾರೆ. ಒಡಕು ದನಿ, ಸಿಗರೇಟು, ಬಿಡದ ಕೆಮ್ಮು. ಹೆಂಡತಿ ಎಲೆನರ್ ಜೊತೆ ರೈಲಿನ ಡಬ್ಬಿಯಲ್ಲೇ ವಾಸ, ಬಿಡುವಾದಾಗ ಇಸ್ಪೀಟು. 1964ರ ಅಕ್ಟೋಬರ್ 4ಕ್ಕೆ ಅವರಿಗೆ 69 ತುಂಬಿತು. ನಿರ್ದೇಶಕ ಜೆರಾಲ್ಡ್ ಪಾಟರ್ಟನ್ ಅವರಿಗೆ ಆಗ 33. ನನಗಿಂತ ಎರಡು ವರ್ಷ ಚಿಕ್ಕವರು. ಕಾರ್ಟೂನ್ ಚಿತ್ರಗಳಿಂದ ಬಂದ ಹುಡುಗ, ಎದುರಿಗೆ ಕೀಟನ್.

ಜಗಳ ಒಂದು ಸೇತುವೆಯ ಮೇಲೆ. ಕಣಿವೆಯ ಮೇಲೆ ಎತ್ತರಕ್ಕೆ ಕಟ್ಟಿದ ರೈಲು ಸೇತುವೆ, ಪಕ್ಕಕ್ಕೆ ತಡೆಯಿಲ್ಲ. ಅದರ ಮೇಲೆ ಟ್ರಾಲಿ ಓಡುತ್ತಿರುವಾಗ ತಾನು ಹಾಸಿಗೆಯಷ್ಟು ದೊಡ್ಡ ಭೂಪಟ ಬಿಡಿಸುತ್ತೇನೆ, ಗಾಳಿಗೆ ಅದು ಮೈಗೆಲ್ಲ ಸುತ್ತಿಕೊಳ್ಳುತ್ತದೆ, ಅದರೊಳಗೆ ಹೊಡೆದಾಡುತ್ತ ಸೇತುವೆ ದಾಟುತ್ತೇನೆ, ಕೆಳಗೆ ಏನಿದೆ ಎಂಬುದೇ ನನಗೆ ಗೊತ್ತಾಗುವುದಿಲ್ಲ, ಇದು ಕೀಟನ್‌ರ ಯೋಚನೆ. ಪಾಟರ್ಟನ್‌ಗೆ ಭಯ. ಈ ವಯಸ್ಸಿನವರು, ಈ ಎತ್ತರ, ಕಣ್ಣಿಗೆ ಕಾಗದ. ಅಪಾಯವಿಲ್ಲದಂತೆ ದೃಶ್ಯವನ್ನು ಬದಲಿಸುತ್ತಾರೆ. ಕೀಟನ್ ಡಬ್ಬಿಗೆ ಬಂದು ಕುದಿಯುತ್ತಾರೆ. ಆ ಹುಡುಗನ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ, ತನಗೆ ಗೊತ್ತಿರುವ ಒಂದೇ ಕಸುಬಿನಲ್ಲಿ ತನ್ನ ಮಾತು ನಡೆಯಲಿಲ್ಲವಲ್ಲ ಎಂಬ ಕುದಿ ಅದು. ಆ ಮುಖ ನೋಡಿದರೆ ತಿಳಿಯುತ್ತದೆ, ಎಂದೂ ಬದಲಾಗದ ಮುಖ ಎಂದು ಹೆಸರಾದವರದ್ದು. ಮೂರು ವರ್ಷದ ಕೂಸಾಗಿದ್ದಾಗಿನಿಂದ ಅಪ್ಪ ಅಮ್ಮನ ಜೊತೆ ರಂಗದ ಮೇಲೆ ಎತ್ತಿ ಎಸೆಸಿಕೊಂಡು ಬೆಳೆದವರು. 1924ರ ಚಿತ್ರವೊಂದರಲ್ಲಿ ರೈಲಿಗೆ ನೀರು ತುಂಬುವ ಕೊಳವೆಯಿಂದ ನೀರು ಧುಮುಕಿ ಹಳಿಗೆ ಕುತ್ತಿಗೆ ಬಡಿದು, ಮೂಳೆ ಬಿರುಕುಬಿಟ್ಟಿದ್ದು ಗೊತ್ತಾದದ್ದು ಎಷ್ಟೋ ವರ್ಷದ ನಂತರದ ಎಕ್ಸ್‌ರೇಯಲ್ಲಿ. ಎಲ್ಲಿ ಬೀಳಬಹುದು, ಎಲ್ಲಿ ಬೀಳಬಾರದು ಎಂಬ ಲೆಕ್ಕ ಅವರ ಮೈಗೇ ಗೊತ್ತಿತ್ತು.

ಕೊನೆಗೆ ಪಾಟರ್ಟನ್ ಒಪ್ಪುತ್ತಾರೆ. ಕೀಟನ್ ಹೇಳಿದಂತೆಯೇ ತೆಗೆಯುತ್ತಾರೆ. 'ರೈಲ್‌ರಾಡರ್'ನಲ್ಲಿ ಈಗ ನಾವು ನೋಡುವುದು ಆ ಭೂಪಟದ ದೃಶ್ಯವನ್ನೇ, ಇಡೀ ಚಿತ್ರದಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಪಾಟರ್ಟನ್ ಹೆದರಿದ್ದು ತಪ್ಪು ಎಂದು ನಾನು ಈಗಲೂ ಹೇಳಲಾರೆ. ಗಾಳಿ ಸ್ವಲ್ಪ ಜೋರಾಗಿದ್ದರೆ? ಅವರ ಜಾಗದಲ್ಲಿ ನಾನಿದ್ದಿದ್ದರೆ ಹದಿನಾಲ್ಕಲ್ಲ, ನಲವತ್ತು ಅಂಶಗಳ ಪಟ್ಟಿ ಮಾಡುತ್ತಿದ್ದೆ. 1966ರ ಫೆಬ್ರುವರಿ 1ರಂದು ಕೀಟನ್ ತೀರಿಕೊಂಡರು. ಅದು ಶ್ವಾಸಕೋಶದ ಕ್ಯಾನ್ಸರಿನಿಂದ, ಸೇತುವೆಯಿಂದಲ್ಲ. ಅಂದರೆ ಆ ಹೊತ್ತಿನಲ್ಲಿ ಅವರ ಮುಂದೆ ಉಳಿದಿದ್ದದ್ದು ಒಂದೂವರೆ ವರ್ಷಕ್ಕೂ ಕಡಿಮೆ. ಆ ಲೆಕ್ಕ ಆಗ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನಿಗೆ ಸೇತುವೆಯ ಭಾಗವನ್ನಷ್ಟೇ ಹಾಕಿ ತೋರಿಸಿದೆ. ಏನು ಹೇಳುತ್ತಾರೋ ನೋಡೋಣ ಎಂದು. ಸುಮ್ಮನೆ ನೋಡಿದರು. ಆಮೇಲೆ ಘಾಟಿಯ ಮಳೆಗಾಲದ ರಾತ್ರಿ ಗಸ್ತಿನ ಬಗ್ಗೆ ಹೇಳಿದರು. ಕೈಯಲ್ಲಿ ಲಾಟೀನು, ಹೆಗಲ ಚೀಲದಲ್ಲಿ ಅಪಾಯವಿದ್ದರೆ ಹಳಿಗೆ ಕಟ್ಟುವ ಪಟಾಕಿ, ಮೇಲೆ ಕಂಬಳಿಕೊಪ್ಪೆ. ಗುಡ್ಡ ಕುಸಿದಿದೆಯೋ ಎಂದು ನೋಡುತ್ತ ನಡೆಯಬೇಕು. ಸೇತುವೆ ಮೇಲೆ ಸ್ಲೀಪರ್‌ಗಳ ನಡುವೆ ಕೆಳಗಿನ ಹಳ್ಳ ಕಾಣುತ್ತಿರುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ, ಬರೀ ಕೇಳುತ್ತಿರುತ್ತದೆ. ಹೊಸದರಲ್ಲಿ ಒಂದು ಸೇತುವೆಯ ನಡುವೆ ಕಾಲು ನಡುಗಿ ಕೂತೇಬಿಟ್ಟಿದ್ದರಂತೆ. ಜೊತೆಗಿದ್ದ ಹಿರಿಯ ಗ್ಯಾಂಗ್‌ಮನ್ ಬೈಯಲಿಲ್ಲ, ಎತ್ತಲೂ ಇಲ್ಲ, ಲಾಟೀನು ಹಿಡಿದು ಎರಡು ಹೆಜ್ಜೆ ಹಿಂದೆ ನಿಂತನಂತೆ.

"ನಿನ್ ಪಟ್ಟಿ ಸರಿಯಾಗೇ ಐತೆ ಕಣೋ. ಬ್ಲಾಕ್ ಕೊಡೋನು ಪಟ್ಟಿ ನೋಡ್ಲೇಬೇಕು. ಆದ್ರೆ ಕೊಡ್ಲೇಬೇಕಲ್ಲ," ಎಂದರು.

ಕೊಟ್ಟೆ. ಮನಸಾರೆ ಅಲ್ಲ. ನನ್ನ ಹೆಂಡತಿ ಮಧ್ಯೆ ಬಂದು ಕರಾರುಗಳನ್ನು ಬರೆದಳು: ಮಾತ್ರೆ ಡಬ್ಬಿ ಅಂಗಿ ಜೇಬಿನಲ್ಲಿ, ನಮ್ಮ ನಂಬರ್ ಬರೆದ ಚೀಟಿ ಪಾಸಿನ ಜೊತೆ, ಕಾಟ್ಪಾಡಿ ಮತ್ತು ಬಂಗಾರಪೇಟೆಯಲ್ಲಿ ಫೋನು, ಬೆಂಗಳೂರಿನಲ್ಲಿ ನನ್ನ ಒಬ್ಬ ಗೆಳೆಯ ಬಂದು ಎರಡನೇ ಗಾಡಿ ಹತ್ತಿಸುವುದು. ಅಪ್ಪ ಎಲ್ಲಕ್ಕೂ ಹೂಂ ಎಂದರು. ಮಗಳು ಅವರ ಚೀಲದಲ್ಲಿ ದಿಂಬೊಂದನ್ನು ತುರುಕಿ, ಒಂದು ಸ್ಟೀಲ್ ಲೋಟ, ಒಂದು ಟೀ ಪುಡಿ ಪೊಟ್ಟಣ ಹಾಕಿದಳು. ಪೆಟ್ಟಿಗೆಯಲ್ಲಿ ಎಲ್ಲಾ ಇರಬೇಕಂತೆ.

ಸೆಂಟ್ರಲ್ ಸ್ಟೇಷನ್ನಿನಲ್ಲಿ ಅಪ್ಪ ಬೋಗಿ ಹತ್ತುವ ಮೊದಲು ಬಗ್ಗಿ, ಹಳಿಯನ್ನು ಒಮ್ಮೆ ಆಚೆಗೂ ಈಚೆಗೂ ನೋಡಿದರು. ಎಂಟು ತಿಂಗಳಿನಲ್ಲಿ ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಆ ದಿನ ನಾನು ಕೆಲಸ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಾಡಿ ಎಲ್ಲಿದೆ ಎಂದು ತೋರಿಸುವ ಆಪ್ ತೆರೆದು ಚುಕ್ಕೆಯನ್ನೇ ನೋಡುತ್ತ ಕೂತಿದ್ದೆ. ಕಾಟ್ಪಾಡಿಯಲ್ಲಿ ಫೋನು ಬರಲಿಲ್ಲ. ಬಂಗಾರಪೇಟೆಯಲ್ಲೂ ಬರಲಿಲ್ಲ. ಬೆಂಗಳೂರಿನಿಂದ ಗೆಳೆಯ ಮಾಡಿದ. ಪ್ಲಾಟ್‌ಫಾರ್ಮಿನಲ್ಲಿ ಅಪ್ಪನನ್ನು ಹುಡುಕಲು ಅವನಿಗೆ ಇಪ್ಪತ್ತು ನಿಮಿಷ ಹಿಡಿಯಿತಂತೆ. ಹಳಿ ರಿಪೇರಿಗೆ ಬಂದಿದ್ದ ಹುಡುಗರ ಜೊತೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಕನ್ನಡದಲ್ಲಿ ಭಾಷಣ ಮಾಡುತ್ತಿದ್ದರಂತೆ.

'ರೈಲ್‌ರಾಡರ್' ಮುಗಿಯುವುದು ಹೀಗೆ: ಟ್ರಾಲಿ ಪೆಸಿಫಿಕ್ ಸಾಗರದ ದಡ ತಲುಪುತ್ತದೆ. ಮನುಷ್ಯ ಇಳಿದು ಸಮುದ್ರ ನೋಡುತ್ತಾನೆ. ಅಷ್ಟರಲ್ಲಿ ಆ ಕಡೆಯ ನೀರಿನಿಂದ ಜಪಾನಿನವನೊಬ್ಬ ಎದ್ದು ಬಂದು, ಟ್ರಾಲಿ ಹತ್ತಿ, ಪೂರ್ವಕ್ಕೆ ಹೊರಟುಬಿಡುತ್ತಾನೆ. ಕೀಟನ್ ತಿರುಗಿ ನೋಡಿದರೆ ಟ್ರಾಲಿ ಇಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಹಳಿ ಹಿಡಿದು ಬಂದ ದಾರಿಯಲ್ಲೇ ನಡೆಯತೊಡಗುತ್ತಾರೆ. ಮಗಳಿಗೆ ಅದು ಪಾಪ ಎನಿಸುತ್ತದೆ. ಅಪ್ಪನಿಗೆ ಹಾಗೆ ಅನಿಸಲಿಲ್ಲ, ಕೀಮನ್ ದಿನಾ ಮಾಡೋದೇ ಅದು ಎಂದಿದ್ದರು, ಹೋದ ದಾರೀಲೇ ವಾಪಸ್ ಬರೋದು.

ಊರು ತಲುಪಿದ ಮೂರನೇ ದಿನ ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. ಅಪ್ಪ ಎಲ್ಲಿ ಎಂದು ಕೇಳಿದೆ.

"ಮಾಡಿನ ಮೇಲವ್ರೆ. ಹೆಂಚು ತಗಿಸ್ತಾವ್ರೆ."

ನಾನು ಏರು ದನಿಯಲ್ಲಿ ಇಳಿಸಿ ಅವರನ್ನ, ಈಗಲೇ ಇಳಿಸಿ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹೆಂಚು ಹೆಂಚಿಗೆ ತಾಗುವ ಸದ್ದು ಕೇಳುತ್ತಿತ್ತು.

"ಗಾಬ್ರಿ ಆಗ್ಬೇಡಿ," ಎಂದರು. "ನಾನು ಏಣಿ ಹಿಡ್ಕಂಡೇ ನಿಂತಿದ್ದೀನಿ."